ಒಗರು ಹೋಗುವವರೆಗೆ

ಪ್ರಯೋಗಾಲಯದ ಗೋಡೆಗೆ 'ಇಲ್ಲಿ ಯಾವ ವಸ್ತುವನ್ನೂ ಬಾಯಿಗೆ ತಾಗಿಸಬಾರದು' ಎಂಬ ಫಲಕವನ್ನು ಮೊಳೆ ಹೊಡೆದು ನೇತುಹಾಕಿದವರು ಅವರೇ. ಅದೇ ಫಲಕದ ಕೆಳಗೆ ನಿಂತು ದಿನಕ್ಕೆ ಹತ್ತಿಪ್ಪತ್ತು ಸಲ ನಾಲಗೆ ಚಾಚುತ್ತಿದ್ದವರೂ ಅವರೇ. ಆಮ್ಲದಲ್ಲಿ ಬೆಂದ ಹುಲ್ಲನ್ನು ತೊಳೆದು, ತೊಳೆದ ನೀರಿನಲ್ಲಿ ಕಿರುಬೆರಳನ್ನು ಅದ್ದಿ, ಅದನ್ನು ನಾಲಗೆಯ ತುದಿಗೆ ಸೋಕಿಸಿ, ಕಣ್ಣು ಮುಚ್ಚಿ ಎರಡು ಉಸಿರಿನಷ್ಟು ಹೊತ್ತು ಅಲ್ಲಾಡದೆ ನಿಂತು, ಆಮೇಲೆ ಪಕ್ಕದ ತೊಟ್ಟಿಗೆ ಉಗುಳಿ, "ಇನ್ನೂ ಇದೆ" ಎನ್ನುತ್ತಿದ್ದರು. ಆ ಹೊತ್ತಿನ ಅವರ ಮುಖವನ್ನು ಕಂಡವರಿಗೆ, ಯಾರೋ ಗಾಯಕ ಶ್ರುತಿಗೆ ಕಿವಿಗೊಟ್ಟು ನಿಂತಿದ್ದಾನೆ ಎನ್ನಿಸಬೇಕು. ನನಗೆ ಮೊದಲ ದಿನ ಅನ್ನಿಸಿದ್ದು ಮಾತ್ರ, ಈ ಮನುಷ್ಯನ ತಲೆ ನೆಟ್ಟಗಿಲ್ಲ ಎಂದು.

ನಾನು ಆ ಸಂಶೋಧನಾ ಸಂಸ್ಥೆಗೆ ಸೇರಿದ್ದು ವರದಿ ಬರೆಯುವ ಕೆಲಸಕ್ಕೆ. ವಿಜ್ಞಾನಿಗಳು ತಲೆಬುಡವಿಲ್ಲದಂತೆ ಗೀಚಿಕೊಟ್ಟದ್ದನ್ನು ಓದಬಲ್ಲ ವಾಕ್ಯಗಳಾಗಿ ಜೋಡಿಸುವುದು ನನ್ನ ಪಾಲಿಗೆ ಬಂದ ಕರ್ಮ. ಸಂಸ್ಥೆಯ ಉದ್ದೇಶ ಹೇಳಲು ಸುಲಭ: ಹೊಲದಲ್ಲಿ ಉಳಿದ ಒಣಹುಲ್ಲು ಮತ್ತು ದಂಟಿನಿಂದ ಎಂಜಿನ್ನಿಗೆ ಹಾಕುವ ಇಂಧನ ತೆಗೆಯುವುದು. ಹುಲ್ಲಿನೊಳಗೆ ಸಕ್ಕರೆ ಇದೆ. ಆದರೆ ಅದು ಸರಪಳಿಯಾಗಿ ಹೆಣೆದುಕೊಂಡು, ಮೇಲೆ ಲಿಗ್ನಿನ್ ಎಂಬ ಗಟ್ಟಿ ಅಂಟನ್ನು ಬಳಿದುಕೊಂಡು ಕೂತಿದೆ. ಒಂದು ಜಾತಿಯ ಹಸಿರು ಬೂಷ್ಟು ಆ ಸರಪಳಿಯನ್ನು ಕತ್ತರಿಸುವ ಕಿಣ್ವವನ್ನು ಸ್ರವಿಸುತ್ತದೆ. ಬಿಡುಗಡೆಯಾದ ಸಕ್ಕರೆಯನ್ನು ಹುದುಗಿಸಿದರೆ ಇಂಧನ. ಬೂಷ್ಟು ಮಾತ್ರ ಇದ್ದಹಾಗೆ ಇರುವ ಹುಲ್ಲನ್ನು ಮೂಸಿಯೂ ನೋಡುವುದಿಲ್ಲ. ಹುಲ್ಲನ್ನು ಕತ್ತರಿಸಿ, ಅರೆದು, ತೆಳು ಆಮ್ಲದಲ್ಲಿ ನೆನೆಸಿ, ಒತ್ತಡದ ಪಾತ್ರೆಯಲ್ಲಿ ಬೇಯಿಸಿ, ಹಿಂಡಿ, ತೊಳೆದು, ಸತ್ಕಾರ ಮಾಡಿದಂತೆ ಅದರ ಮುಂದಿಡಬೇಕು. ವರದಿಗಳಲ್ಲಿ ಇದಕ್ಕೆ ಪೂರ್ವಸಂಸ್ಕರಣೆ ಎಂಬ ಗಂಭೀರ ಹೆಸರಿತ್ತು. ಅದನ್ನು ಹನ್ನೊಂದು ವರ್ಷ ಒಬ್ಬರೇ ಮಾಡಿದ, ಎಲ್ಲರ ಬಾಯಲ್ಲೂ ಹುಲ್ಲಣ್ಣ ಎನಿಸಿಕೊಂಡಿದ್ದ ಈ ಸಹಾಯಕರು ಅದನ್ನು 'ಹದ ಮಾಡೋದು' ಎನ್ನುತ್ತಿದ್ದರು.

ಮುಖ್ಯ ಕಟ್ಟಡದ ಹಿಂದೆ, ಕೆಟ್ಟುಹೋದ ಕುರ್ಚಿಗಳನ್ನು ಪೇರಿಸಿಟ್ಟ ಓಣಿಯನ್ನು ದಾಟಿದರೆ, ತಗಡಿನ ಮಾಡಿನ ಒಂದು ಶೆಡ್ಡು. ಅಲ್ಲಿ ಸುಟ್ಟ ಬ್ರೆಡ್ಡಿನ ವಾಸನೆ ಬೆಳಗಿನಿಂದ ಸಂಜೆಯವರೆಗೆ ಗೋಡೆ ಹಿಡಿದು ನಿಂತಿರುತ್ತಿತ್ತು. ಎಡಗೈಯಲ್ಲಿ ಬಕೆಟ್ಟು ಹೊತ್ತು ಹೊತ್ತು ಹುಲ್ಲಣ್ಣನವರ ಎಡಹೆಗಲು ಬಲಹೆಗಲಿಗಿಂತ ನಾಲ್ಕು ಬೆರಳು ಕೆಳಗೆ ಇಳಿದುಬಿಟ್ಟಿತ್ತು. ಬರಿಗೈಯಲ್ಲಿ ನಡೆಯುವಾಗಲೂ ನೀರು ತುಳುಕೀತೆಂಬ ಎಚ್ಚರಿಕೆಯ ಸಣ್ಣ ಸಣ್ಣ ಹೆಜ್ಜೆ. ಒಂದು ಕಾಲಕ್ಕೆ ಬಿಳಿಯದಾಗಿದ್ದ ಅವರ ಕೋಟು ಹುಲ್ಲಿನ ಕಷಾಯವನ್ನು ಕುಡಿದು ಕುಡಿದು ಟೀ ಬಣ್ಣಕ್ಕೆ ತಿರುಗಿತ್ತು, ಆಮ್ಲದ ಹನಿ ಸಿಡಿದಲ್ಲೆಲ್ಲ ತೂತು. ಸಂಸ್ಥೆ ವರ್ಷಕ್ಕೊಂದು ಹೊಸ ಕೋಟು ಕೊಡುತ್ತಿತ್ತು. ಅದನ್ನು ಮಡಿಸಿ ಬೀರುವಿನಲ್ಲಿಟ್ಟು ಮತ್ತೆ ಹಳೆಯದನ್ನೇ ತೊಟ್ಟುಕೊಳ್ಳುತ್ತಿದ್ದರು. ಯಾಕೆಂದು ಕೇಳಿದರೆ, "ಹೊಸದಕ್ಕೆ ಕಲೆ ಆಗುತ್ತಲ್ಲ ಸಾರ್" ಎಂಬ ಉತ್ತರ. ಯಾವ ಮಾತನ್ನೂ ಅವರು "ಅಷ್ಟೇ ತಾನೆ" ಎಂಬ ಬಾಲವಿಲ್ಲದೆ ಮುಗಿಸಿದ್ದನ್ನು ನಾನು ಕೇಳಿದ್ದು ಅಪರೂಪ. "ನಮ್ಮ ಭಾವನ ಕಾಲು ಎರಡು ಕಡೆ ಮುರಿದಿದೆಯಂತೆ ಸಾರ್, ಅಷ್ಟೇ ತಾನೆ" ಎಂದು ಒಮ್ಮೆ ಅವರು ಹೇಳಿದಾಗ, ಸಂತಾಪ ಸೂಚಿಸಬೇಕೋ ಅಭಿನಂದಿಸಬೇಕೋ ತಿಳಿಯದೆ ನಾನು ಬಾಯಿ ತೆರೆದು ನಿಂತಿದ್ದೆ.

ತೊಳೆಯುವುದರಲ್ಲಿ ಮಾತ್ರ ಅವರಿಗೆ ಅಷ್ಟೇ ತಾನೆ ಇರಲಿಲ್ಲ. ನಿಯಮದ ಪುಸ್ತಕದಲ್ಲಿ ಇದ್ದದ್ದು ಮೂರು ಸಲದ ತೊಳೆತ, ಬಿಸಿನೀರಿನಲ್ಲಿ. ಆಮೇಲೆ ಬಣ್ಣದ ಕಾಗದವನ್ನು ಅದ್ದಿ ನೋಡಬೇಕು, ಆಮ್ಲ ಹೋಗಿದೆಯೆಂದು ಕಾಗದ ಹೇಳಿದರೆ ಹುಲ್ಲು ಸಿದ್ಧ. ಮೂರನೆಯ ಸಲಕ್ಕೆ ಕಾಗದ ಹೂಂಗುಟ್ಟುತ್ತಿತ್ತು. ಹುಲ್ಲಣ್ಣನವರ ನಾಲಗೆ ಒಪ್ಪುತ್ತಿರಲಿಲ್ಲ. "ಕಾಗದಕ್ಕೆ ಹುಳಿ ಗೊತ್ತಾಗುತ್ತೆ ಸಾರ್, ಒಗರು ಗೊತ್ತಾಗಲ್ಲ" ಎಂದು ಅವರು ನನಗೆ ತಿಳಿಹೇಳಿದ್ದುಂಟು. "ಬೇಯಿಸಿದಾಗ ಹುಲ್ಲು ಏನೇನೋ ಬಿಡುತ್ತೆ. ಅದು ಒಗರು. ಅದರ ಮೇಲೆ ಬೂಷ್ಟನ್ನ ಬಿಟ್ಟರೆ ಅದಕ್ಕೆ ಉರಿಯುತ್ತೆ, ಪಾಪ. ಉರಿಯುತ್ತೆ ಅಂತ ಹೇಳೋಕೆ ಅದಕ್ಕೆ ಬಾಯಿಲ್ಲ." ಹೀಗೆಂದು ನಾಲ್ಕನೆಯ ಸಲ, ಐದನೆಯ ಸಲ, ನಾಲಗೆಗೆ ಏನೂ ತಿಳಿಯದಾಗುವವರೆಗೆ ತೊಳೆಯುತ್ತಿದ್ದರು. ಆಮೇಲೆ ಗಾಜಿನ ಬುರುಡೆಗಳಲ್ಲಿ ಬೂಷ್ಟು ಹಸಿರು ಮಖಮಲ್ಲಿನಂತೆ ಹಬ್ಬುತ್ತಿತ್ತು, ಅವರು ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಹಾಲು ಕುಡಿಯುವ ಮಗುವನ್ನು ನೋಡುವಂತೆ ನೋಡುತ್ತಿದ್ದರು.

ಅವರ ಮನೆಗೆ ನಾನು ಹಲವು ಸಲ ಹೋಗಿದ್ದೇನೆ. ಬೀದಿಯ ಮೂಲೆಯ ಗಡಿಯಾರ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ. ಒಂದರಲ್ಲಿ ಅವರ ಹೆಂಡತಿಯ ಹೊಲಿಗೆ ಯಂತ್ರ. ಅವರು ಅಣ್ಣನಾದ ಮೇಲೆ ಆಕೆ ನನಗೆ ಅತ್ತಿಗೆ. ಅತ್ತಿಗೆಯ ಬಾಯಿ ಸೂಜಿಗಿಂತ ಚೂಪು. "ಇವರ ಕೈಗೆ ಸೊಪ್ಪು ತೊಳೆಯೋಕೆ ಕೊಟ್ಟರೆ ಅದರ ಬಣ್ಣ ಹೋಗೋವರೆಗೂ ಬಿಡಲ್ಲ. ನನ್ನನ್ನ ತೊಳೆಯೋಕೆ ಹೊರಟಿಲ್ವಲ್ಲ, ಅದೇ ನನ್ನ ಪುಣ್ಯ" ಎಂದು ನಗಿಸುತ್ತಿದ್ದರು. ಒಮ್ಮೆ ಅವರು ಕೆಳಗಿಳಿದು ಹೋದಾಗ ಆಕೆ ನಗದೆ ಹೇಳಿದ್ದರು: "ಇವರಿಗೆ ಊಟದ ರುಚೀನೇ ಗೊತ್ತಾಗಲ್ಲ. ಉಪ್ಪು ಹಾಕೋದು ಮರೆತಿದ್ದೆ ಮೊನ್ನೆ, ಸುಮ್ಮನೆ ತಿಂದು ಎದ್ದರು. ನಾಲಗೇನ ಪೂರ್ತಿ ಆ ಹುಲ್ಲಿಗೇ ಬರೆದುಕೊಟ್ಟುಬಿಟ್ಟಿದಾರೆ."

ಯಾತಕ್ಕಾಗಿ ಬರೆದುಕೊಟ್ಟರು ಎಂಬುದು ಗುಟ್ಟೇನೂ ಆಗಿರಲಿಲ್ಲ. ತಾವು ಹದ ಮಾಡಿದ ಹುಲ್ಲಿನಿಂದ ಒಂದು ಲಾರಿ ಓಡುವುದನ್ನು ನೋಡಬೇಕೆಂಬುದು ಅವರ ಆಸೆ. ಬುರುಡೆಗಳಲ್ಲಿ ತೊಟ್ಟಿಕ್ಕುವ ಇಂಧನದಿಂದ ಗೊಂಬೆಯ ಲಾರಿಯೂ ಓಡುವಂತಿರಲಿಲ್ಲ. ಅದಕ್ಕೆ ಕಾರ್ಖಾನೆ ಬೇಕು, ಕಾರ್ಖಾನೆಗೆ ನಂಬಿಕೆ ಹುಟ್ಟಿಸುವ ಫಲಿತಾಂಶ ಬೇಕು. ಶೆಡ್ಡಿನಲ್ಲಿ ಅವರು ಪಟ್ಟ ಪಾಡೆಲ್ಲ ಸಾರ್ಥಕವೋ ವ್ಯರ್ಥವೋ ಎಂಬುದು ಆ ಒಂದು ಲಾರಿಯ ಮೇಲೆ ನಿಂತಿತ್ತು. "ಓಡುತ್ತೆ ಸಾರ್. ನಾನು ನಿವೃತ್ತಿ ಆಗೋದರೊಳಗೆ ಓಡುತ್ತೆ" ಎನ್ನುವಾಗ ಅವರು ಆ ಬಾಲವನ್ನು ಸೇರಿಸುತ್ತಿರಲಿಲ್ಲ.

ಫಲಿತಾಂಶ ಚೆನ್ನಾಗಿಯೇ ಇತ್ತು. ಯೋಜನೆಯ ಮುಖ್ಯಸ್ಥೆ, ನಾವೆಲ್ಲ ಮೇಡಂ ಎಂದು ಕರೆಯುತ್ತಿದ್ದ ವಿಜ್ಞಾನಿ, ಚುರುಕಿನ, ಮಾತಿಗೆ ತಪ್ಪದ, ಬೂಷ್ಟಿನ ಬಗ್ಗೆ ತಿಳಿಯದ್ದೇನೂ ಇಲ್ಲದ ಹೆಂಗಸು. ಆಕೆಯ ಮೊದಲ ಎರಡು ವರ್ಷದ ಪ್ರಯೋಗಗಳು ಮಣ್ಣುಪಾಲಾಗಿದ್ದವು. ಮೂರನೆಯ ವರ್ಷ ಬೂಷ್ಟಿನ ಹೊಸ ತಳಿ ಬಂತು, ಅದೇ ತಿಂಗಳು ಶೆಡ್ಡಿಗೆ ಹುಲ್ಲಣ್ಣನವರೂ ಬಂದರು. ಅಲ್ಲಿಂದ ಮುಂದೆ ಎಲ್ಲವೂ ಹೂವೆತ್ತಿದಂತೆ ಸಲೀಸು. ಯಶಸ್ಸು ಹೊಸ ತಳಿಯದೆಂದು ಮೇಡಂ ನಂಬಿದರು, ನಾವೂ ನಂಬಿದೆವು. ಆಕೆ ಶೆಡ್ಡಿನ ಕಡೆಗೆ ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು. ಹುಲ್ಲಣ್ಣನವರು ಒಬ್ಬರಿರುವಾಗ ಅಲ್ಲಿ ನೋಡುವುದೇನಿದೆ ಎಂಬ ವಿಶ್ವಾಸ.

ಇನ್ನು ನನ್ನ ವಿಷಯ. ಕಾರ್ಖಾನೆಯ ನಕ್ಷೆಗೆ ಆಧಾರವಾಗಬೇಕಿದ್ದ ಕೊನೆಯ ವರದಿಯನ್ನು ನಾನು ಬರೆಯುತ್ತಿದ್ದೆ. ವಿಧಾನವನ್ನು ಕಣ್ಣಾರೆ ಕಂಡು ಬರೆಯೋಣವೆಂದು ಒಂದು ಮಧ್ಯಾಹ್ನ ಶೆಡ್ಡಿಗೆ ಹೋಗಿ, ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತ ಲೆಕ್ಕ ಹಾಕಿದೆ.

"ಹುಲ್ಲಣ್ಣ, ಇದು ಎಂಟನೇ ಸಲ. ಪುಸ್ತಕದಲ್ಲಿ ಮೂರು ಅಂತಿದೆಯಲ್ಲ?"

"ಮೂರು ಅಂತಲೇ ಬರೀರಿ ಸಾರ್. ಮೂರಕ್ಕೆ ಕಾಗದ ಒಪ್ಪಿಕೊಳ್ಳುತ್ತೆ. ಮಿಕ್ಕಿದ್ದು ನನ್ನ ಸಮಾಧಾನಕ್ಕೆ, ಅಷ್ಟೇ ತಾನೆ."

ನಾನು ಬರೆದೆ: 'ಬೆಂದ ಹುಲ್ಲನ್ನು ಬಿಸಿನೀರಿನಲ್ಲಿ ಮೂರು ಬಾರಿ ತೊಳೆಯಲಾಯಿತು.' ಎಂಟನ್ನು ಕಂಡ ಕಣ್ಣು ನನ್ನದೇ, ಮೂರು ಎಂದು ಬರೆದ ಕೈಯೂ ನನ್ನದೇ. ಆ ಹೊತ್ತಿನಲ್ಲಿ ನನ್ನ ಮನಸ್ಸಾಕ್ಷಿಗೆ ಇರುವೆ ಕಚ್ಚಿದಷ್ಟೂ ನೋವಾಗಲಿಲ್ಲ. ಮುದುಕನೊಬ್ಬನ ಶುಚಿಯ ಹುಚ್ಚನ್ನು ಗಂಭೀರವಾದ ವರದಿಯೊಳಗೆ ತೂರಿಸುವುದೇಕೆ ಎಂದುಕೊಂಡೆ, ಟೀ ಲೋಟ ತೊಳೆದಿಟ್ಟು ಹೊರಟೆ.

ಕಾರ್ಖಾನೆ ಎದ್ದಿತು. ಊರಿನಿಂದ ಮೂರು ಗಂಟೆಯ ದಾರಿ; ಉಕ್ಕಿನ ಗೋಪುರಗಳು, ಕೊಳವೆಗಳು, ಮನೆಯಷ್ಟು ದೊಡ್ಡ ತೊಳೆಯುವ ಪೀಪಾಯಿ. ಮೊದಲ ಸರದಿಯ ಹುಲ್ಲು ಬೆಂದಿತು, ಮೂರು ಬಾರಿ ತೊಳೆದದ್ದಾಯಿತು, ಆಮ್ಲವಿಲ್ಲವೆಂದು ಮೀಟರು ಹೇಳಿತು, ಬೂಷ್ಟನ್ನು ಬಿಟ್ಟರು. ಐದು ದಿನ ಕಳೆದರೂ ಹಸಿರಿನ ಸುಳಿವಿಲ್ಲ. ಎರಡನೆಯ ಸರದಿಯೂ ಹಾಗೆಯೇ. ತಳಿ ಬದಲಾಯಿಸಿದರು, ಗಾಳಿ ಹೆಚ್ಚಿಸಿದರು, ಉಷ್ಣತೆ ಇಳಿಸಿದರು, ಹುಲ್ಲನ್ನೇ ಬದಲಾಯಿಸಿದರು. ನಾಲ್ಕು ತಿಂಗಳು ಆ ದೈತ್ಯ ಪಾತ್ರೆಗಳಲ್ಲಿ ಕಂದುಬಣ್ಣದ ಕೆಸರು ಕೊಳೆಯಿತೇ ಹೊರತು ಒಂದು ಲೋಟ ಇಂಧನ ಹುಟ್ಟಲಿಲ್ಲ. ಕೊನೆಗೆ ಮೇಡಂಗೆ ಹೊಳೆಯಿತು, ಹುಲ್ಲಣ್ಣನವರನ್ನು ಒಂದು ಸಲ ಕರೆದೊಯ್ಯೋಣ.

ಅವರು ಬೀರುವಿನಿಂದ ಹೊಸ ಕೋಟು ತೆಗೆದು ತೊಟ್ಟು ಬಂದಿದ್ದರು. ನಾನೂ ಜೊತೆಗಿದ್ದೆ. ಪೀಪಾಯಿಯನ್ನು ಕಂಡು ಅವರ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಸುತ್ತ ಒಂದು ಪ್ರದಕ್ಷಿಣೆ ಹಾಕಿ ಅದರ ಉಕ್ಕನ್ನು ಅಂಗೈಯಿಂದ ತಟ್ಟಿ ನೋಡಿದರು. ಆಮೇಲೆ ಕೆಳಗಿನ ನಲ್ಲಿಯಿಂದ ಸೋರುತ್ತಿದ್ದ ನೀರಿಗೆ ಕಿರುಬೆರಳು ಒಡ್ಡಿ, ಕಾರ್ಖಾನೆಯ ಎಂಜಿನಿಯರ್ ಬೇಡ ಬೇಡ ಎನ್ನುತ್ತಿದ್ದಂತೆ ನಾಲಗೆಗೆ ಸೋಕಿಸಿದರು.

"ಮೇಡಂ, ಇದು ತೊಳೆದೇ ಇಲ್ಲ."

"ಮೂರು ಸಲ ತೊಳೆದಿದೀವಿ ರೀ" ಎಂದರು ಎಂಜಿನಿಯರ್. ನಿದ್ದೆಗೆಟ್ಟು ಅವರ ಕಣ್ಣು ಕೆಂಡವಾಗಿತ್ತು. "ಮೀಟರ್ ನೋಡಿ. ನಿಮ್ಮ ವರದೀಲಿ ಇರೋದೂ ಅದೇ ತಾನೆ?"

"ಹುಳಿ ಹೋಗಿದೆ ಸ್ವಾಮಿ, ಒಗರು ಹಾಗೇ ಇದೆ. ಮೂರಕ್ಕೆಲ್ಲ ಹೋಗಲ್ಲ ಅದು. ನಾನು ಏಳೆಂಟು ಸಲ ತೊಳೀತೀನಿ, ಮಳೆಗೆ ಸಿಕ್ಕಿದ ಹುಲ್ಲಾದರೆ ಹತ್ತು." ಇದನ್ನು ಹೇಳುವಾಗ ಅವರ ದನಿಯಲ್ಲಿ ಹಿಗ್ಗಿತ್ತು. ಕಾಯಿಲೆ ಸಿಕ್ಕಿತು, ಮದ್ದೂ ಸಿಕ್ಕಿತು ಎಂಬ ಹಿಗ್ಗು. "ಇನ್ನೈದು ಸಲ ತೊಳೆದುಬಿಡಿ, ಅಷ್ಟೇ ತಾನೆ!"

ಎಂಜಿನಿಯರ್ ಜೇಬಿನಿಂದ ಪೆನ್ಸಿಲ್ ತೆಗೆದು ಅಲ್ಲೇ ಬಿದ್ದಿದ್ದ ರಟ್ಟಿನ ಡಬ್ಬಿಯ ಮೇಲೆ ಗುಣಿಸತೊಡಗಿದರು. ಎಂಟು ಸಲಕ್ಕೆ ಎಷ್ಟು ನೀರು, ಅದನ್ನು ಕಾಯಿಸಲು ಎಷ್ಟು ಉರಿ, ಪ್ರತಿ ತೊಳೆತದಲ್ಲಿ ಎಷ್ಟು ಸಕ್ಕರೆ ಕೊಚ್ಚಿಹೋಗುತ್ತದೆ, ಹೊರಬಿದ್ದ ವಿಷನೀರನ್ನು ಶುದ್ಧಮಾಡಲು ಮತ್ತೆಷ್ಟು ಉರಿ. ಡಬ್ಬಿಯ ಒಂದು ಮಗ್ಗುಲು ತುಂಬಿ, ಇನ್ನೊಂದು ಮಗ್ಗುಲಿನಲ್ಲಿ ಪೆನ್ಸಿಲ್ ನಿಂತಿತು. "ಮೇಡಂ, ಇಲ್ಲಿ ಒಂದು ಟ್ಯಾಂಕ್ ಇಂಧನ ತೆಗೀಬೇಕಾದರೆ ಎರಡು ಟ್ಯಾಂಕ್ ಇಂಧನ ಸುಡಬೇಕು" ಎಂದರು. ಒಗರನ್ನು ಬೇರೆ ಯಾವ ಬಗೆಯಿಂದಾದರೂ ತೆಗೆಯಬಹುದೇ ಎಂದು ಆಮೇಲೂ ಎರಡು ತಿಂಗಳು ಹೆಣಗಿದರು. ಸುಣ್ಣ ಹಾಕಿದರು, ಇದ್ದಿಲಿನಲ್ಲಿ ಸೋಸಿದರು. ಲೆಕ್ಕ ಅಷ್ಟಿಷ್ಟು ಅಲುಗಾಡಿತು, ತಿರುಗಲಿಲ್ಲ.

ಆ ದಿನ ಮೇಡಂ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. ಹುಲ್ಲಣ್ಣನವರ ಹೊಸ ಕೋಟನ್ನು ನೋಡುತ್ತ ಬಹಳ ಮೆಲ್ಲಗೆ ಹೇಳಿದರು: "ಹನ್ನೊಂದು ವರ್ಷ ಬೂಷ್ಟನ್ನ ಅಳೀತಿದೀನಿ ಅಂದುಕೊಂಡಿದ್ದೆ. ನಿಮ್ಮನ್ನ ಅಳೀತಿದ್ದೆ." ನಾನು ಪೀಪಾಯಿಯ ನೆರಳಿನಲ್ಲಿ ನಿಂತು ನನ್ನ ಬೂಟುಗಳನ್ನು ಪರೀಕ್ಷಿಸುತ್ತಿದ್ದೆ. ನನಗೆ ಗೊತ್ತಿತ್ತು, ನಾನು ಎಣಿಸಿದ್ದೆ, ಎಂದು ಒಂದು ಮಾತು ಹೇಳಬಹುದಿತ್ತು. ಹಿಂತಿರುಗುವಾಗ ವ್ಯಾನಿನ ಹಿಂದಿನ ಸೀಟಿನಲ್ಲಿ ಹುಲ್ಲಣ್ಣನವರು ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು: "ಸಾರ್, ಮೇಡಂ ಹಾಗಂದರಲ್ಲ, ಅದು ಹೊಗಳಿದ್ದಾ?"

ವಿಚಾರಣೆ ನಡೆಯಲೇಬೇಕಿತ್ತು, ನಡೆಯಿತು. ನಿಯಮ ಮೀರಿ ತೊಳೆದದ್ದು ತನ್ನ ಸ್ವಂತ ನಿರ್ಧಾರ, ಅದನ್ನು ಯಾರ ಗಮನಕ್ಕೂ ತಂದಿರಲಿಲ್ಲ ಎಂಬ ಹೇಳಿಕೆಗೆ ಅವರ ಸಹಿ ಬೇಕಿತ್ತು. ಸಂಸ್ಥೆಯಲ್ಲಿ ಬರೆಯುವವನು ನಾನೊಬ್ಬನೇ ಆದ್ದರಿಂದ ಆ ಹೇಳಿಕೆಯನ್ನೂ ನಾನೇ ಬರೆದೆ. 'ಯಾರ ಗಮನಕ್ಕೂ' ಎಂಬಲ್ಲಿಗೆ ಬಂದಾಗ ಕೈ ಸ್ವಲ್ಪ ತಡೆಯಿತು, ಆಮೇಲೆ ಮುಂದಕ್ಕೆ ಹೋಯಿತು. ಅವರು ಕನ್ನಡಕ ಏರಿಸಿ ಒಂದೊಂದೇ ಪದಕ್ಕೆ ಬೆರಳಿಟ್ಟು ಓದಿದರು. ಆ ಎರಡು ಪದಗಳ ಮೇಲೆ ಬೆರಳು ನಿಂತಿತು. ತಲೆಯೆತ್ತಿ ನನ್ನನ್ನು ಒಂದು ಗಳಿಗೆ ನೋಡಿದರು. ಪೆನ್ನು ಕೇಳಿ ಪಡೆದು ಸಹಿ ಹಾಕಿದರು.

ಶಿಕ್ಷೆ ಅಷ್ಟಕ್ಕೆ ಮುಗಿಯಲಿಲ್ಲ. ದೋಷ ತೊಳೆತದಲ್ಲೇ ಇದೆಯೆಂದು ಸಾಬೀತಾಗಲು, ಅದೇ ಶೆಡ್ಡಿನಲ್ಲಿ, ಅದೇ ಕೈಯಿಂದ, ಪುಸ್ತಕದಲ್ಲಿರುವಂತೆ ಮೂರೇ ಸಲ ತೊಳೆದ ಹುಲ್ಲಿನ ಮೇಲೆ ಪ್ರಯೋಗ ಮಾಡಿ ತೋರಿಸಬೇಕೆಂದು ಆದೇಶವಾಯಿತು. ಸಾಕ್ಷಿಗೆ ನನ್ನನ್ನು ಕೂರಿಸಿದರು. ಅವರು ತೊಳೆದರು, ಒಂದು. ತೊಳೆದರು, ಎರಡು. ಮೂರನೆಯ ನೀರು ಬಸಿದು ನಿಂತ ಮೇಲೆ ಅವರ ಕೈ ತಾನಾಗಿ ನಲ್ಲಿಯ ಕಡೆಗೆ ಹೋಯಿತು. ಇನ್ನೊಂದು ಕೈ ಅದನ್ನು ಹಿಡಿದು ಹಿಂದಕ್ಕೆ ಎಳೆದುಕೊಂಡಿತು. ಅಂದು ಅವರು ರುಚಿ ನೋಡಲಿಲ್ಲ. ಹನ್ನೆರಡು ಬುರುಡೆಗಳಿಗೆ ಹುಲ್ಲು ತುಂಬಿ, ಬೂಷ್ಟಿನ ಬೀಜಕಣಗಳನ್ನು ಬಿಡುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡಿದ್ದರು. ಐದನೆಯ ದಿನ ಹನ್ನೆರಡೂ ಬುರುಡೆಗಳಲ್ಲಿ ಹಸಿರಿಲ್ಲ, ಕಂದು ರಸದ ಮೇಲೆ ಬಿಳಿಯ ತೆಳು ಎಳೆಗಳು ಹುಟ್ಟಿದಲ್ಲೇ ಸುರುಟಿ ಸತ್ತಿದ್ದವು. ಹುಲ್ಲಣ್ಣನವರು ಅವನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು.

"ಉರಿಯುತ್ತೆ ಅಂತ ಗೊತ್ತಿದ್ದೂ ಹಾಕಿದೆ ಸಾರ್" ಎಂದರು.

ಪ್ರಯೋಗ ಯಶಸ್ವಿಯಾಯಿತೆಂದು ದಾಖಲಾಯಿತು. ಕಾರ್ಖಾನೆಯನ್ನು ಬಿಚ್ಚಿದರು, ಮೇಡಂ ಬೇರೆಲ್ಲೋ ಪಾಠ ಹೇಳಲು ಹೊರಟುಹೋದರು, ಹುಲ್ಲಣ್ಣನವರು ಅವಧಿಗೆ ಮೂರು ವರ್ಷ ಮುಂಚೆ ಮನೆಗೆ ಬಂದರು. ಲಾರಿ ಓಡಲಿಲ್ಲ. ಇನ್ನು ಓಡುವುದೂ ಇಲ್ಲ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹದಕ್ಕೆ ಬರಲು ಹುಲ್ಲು ಎಷ್ಟು ನೀರು, ಎಷ್ಟು ದುಡಿಮೆ ಕೇಳುತ್ತದೆಂದು ಕೈಯಾರೆ ಬಲ್ಲವರು ಅವರೊಬ್ಬರೇ.

ಒಂದು ವರ್ಷ ಮುಖ ತೋರಿಸಲಾರದೆ ತಿರುಗಾಡಿ, ಕೊನೆಗೊಂದು ಭಾನುವಾರ ನಾನು ಆ ಮೆಟ್ಟಿಲು ಹತ್ತಿದೆ. ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಇಳಿದ ಹೆಗಲು ಇಳಿದೇ ಇತ್ತು. ಅದೂ ಇದೂ ಮಾತಾಡಿ ನಾನು ಹೇಳಿದೆ: "ಹುಲ್ಲಣ್ಣ, ಆ ದಿನ ನಾನು ಎಣಿಸಿದ್ದೆ. ನೀವು ನನಗೆ ಹೇಳಿದ್ರಿ ಕೂಡ."

"ಹೇಳಿದ್ನಾ ಸಾರ್? ನೆನಪಿಲ್ಲ ಬಿಡಿ."

ಒಳಗಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು. ಅತ್ತಿಗೆ ಬಾಗಿಲಿಗೆ ಬಂದರು, ಬೆರಳಿನಲ್ಲಿ ದಾರ ಸುತ್ತಿಕೊಂಡು. "ನೆನಪಿಲ್ಲದೆ ಏನು?" ಎಂದರು, ನನ್ನನ್ನೇ ನೋಡುತ್ತ. "ಸಹಿ ಹಾಕಿ ಬಂದ ದಿನವೇ ನನಗೆ ಹೇಳಿದಾರೆ. ಅವರಿಗೆ ಚಿಕ್ಕ ವಯಸ್ಸು, ಇನ್ನೂ ಕೆಲಸ ಮಾಡಬೇಕು, ಹೋಗಲಿ ಬಿಡು ಅಂತ." ಇಷ್ಟು ಹೇಳಿ ಒಳಗೆ ಹೋದರು, ಯಂತ್ರ ಮತ್ತೆ ಓಡತೊಡಗಿತು. ನಾನು ಕೂತಲ್ಲೇ ಕುಗ್ಗಿದೆ. ಹುಲ್ಲಣ್ಣನವರು ಮಾತ್ರ ತಪ್ಪು ತಮ್ಮದೇ ಎಂಬಂತೆ ಕಿಟಕಿಯಾಚೆ ನೋಡುತ್ತಿದ್ದರು.

ಇಂಥವರು ಎಲ್ಲ ಕೆಲಸದ ಮನೆಗಳಲ್ಲೂ ಇರುತ್ತಾರೆ. ಆಸ್ಪತ್ರೆಯ ಉಗ್ರಾಣದಲ್ಲಿ, ಅಚ್ಚುಕೂಟದ ಮೂಲೆಯಲ್ಲಿ, ಶಾಲೆಯ ಅಡುಗೆಮನೆಯಲ್ಲಿ, ನಿಯಮ ಮೂರು ಎಂದಲ್ಲಿ ಎಂಟು ಸಲ ಮೈಮುರಿದು, ಅದನ್ನು ಸ್ವಂತ ಸಮಾಧಾನವೆಂದು ಕರೆದು ಸುಮ್ಮನಾಗುತ್ತಾರೆ. ಲೋಕ ಇಂಥವರಿಂದಲೇ ನಡೆಯುತ್ತಿದೆ ಎಂದು ಬರೆದು ಈ ಚಿತ್ರವನ್ನು ಮುಗಿಸಿದ್ದರೆ ನನಗೂ ಹಿತ, ಓದುವವರಿಗೂ ಹಿತ. ಆದರೆ ನಾನು ಕಂಡದ್ದು ಅದಲ್ಲ. ನಡೆಯಲಾರದ್ದು ವರ್ಷಗಟ್ಟಲೆ ನಡೆಯುತ್ತಿರುವಂತೆ ತೋರುವುದು ಇವರಿಂದ. ಇವರ ಪ್ರೀತಿ ಅಪ್ಪಟ ನಿಜ, ಅದರ ಮೇಲೆ ನಾವು ಕಟ್ಟಿಕೊಂಡದ್ದು ಪೂರಾ ಸುಳ್ಳು, ಕುಸಿದು ಬಿದ್ದಾಗ ಆ ಸುಳ್ಳಿನ ಭಾರವೆಲ್ಲ ಆ ಪ್ರೀತಿಯ ತಲೆಯ ಮೇಲೇ ಬೀಳುತ್ತದೆ. ತಮ್ಮನ್ನು ಉಳಿಸಿಕೊಳ್ಳಲು ಸುಳ್ಳು ಹೇಳುವುದು ಇವರಿಗೆ ಬರುವುದಿಲ್ಲ. ಅದಕ್ಕೆಂದೇ ಇವರ ಪಕ್ಕದಲ್ಲಿ, ಎಲ್ಲವನ್ನೂ ಕಂಡೂ ಪೆನ್ನು ಹಿಡಿದುಕೊಂಡು, ನನ್ನಂಥವನೊಬ್ಬ ಯಾವಾಗಲೂ ಕೂತಿರುತ್ತಾನೆ.